ಪ್ರಿಂಟ್ ಕೆಟ್ಟರೆ ಮೊದಲು ಯಾರನ್ನು ಹಿಡಿಯಬೇಕು?

ಪ್ರಶ್ನೆ: ಫೋಟೋ ಪೇಪರಿಗೆ ಲೇಸರ್ ಬೆಳಕು ಕೊಟ್ಟು ಕೆಮಿಕಲ್‌ಗಳಲ್ಲಿ ಹಾಯಿಸಿ ಪ್ರಿಂಟ್ ತೆಗೆಯುವ ನಮ್ಮ ಲೇಸರ್ ಮಿನಿಲ್ಯಾಬ್‌ನಲ್ಲಿ ಕೆಲವು ದಿನಗಳಿಂದ ಕಪ್ಪು ಕೂದಲು, ಕಪ್ಪು ಕೋಟು ಎಲ್ಲವೂ ಕೆಂಗಂದು ಬಣ್ಣದಲ್ಲಿ ಬರುತ್ತಿವೆ. ಬಿಳಿ ಚೆನ್ನಾಗಿಯೇ ಇದೆ. ಸಯಾನ್ (ಹಸಿರು ಬೆರೆತ ನೀಲಿ) ಏರಿಸಿದರೆ ಕಪ್ಪು ಸ್ವಲ್ಪ ಸುಧಾರಿಸುತ್ತದೆ, ಮುಖಗಳು ಹಾಳಾಗುತ್ತವೆ. ಪೇಪರ್ ಕ್ಯಾಲಿಬ್ರೇಷನ್ (ಪರೀಕ್ಷಾ ಪ್ರಿಂಟ್ ಅಳೆದು ಮೆಷಿನ್ ಬಣ್ಣ ಹೊಂದಿಸಿಕೊಳ್ಳುವುದು) ಮಾಡಿದರೂ ಮತ್ತೆ ಅದೇ ಕಥೆ.

ಉತ್ತರ: ಸಯಾನನ್ನು ಮೊದಲಿದ್ದಲ್ಲಿಗೇ ಇಳಿಸಿ. ಕೆಮಿಕಲ್ ಕೆಟ್ಟಿರುವಾಗ ಕ್ಯಾಲಿಬ್ರೇಷನ್ ಮಾಡಿದರೆ ಆ ದೋಷವೇ ಮೆಷಿನ್ನಿನ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಕೆಮಿಕಲ್ ಸರಿಯಾದ ದಿನ ಬಣ್ಣ ಇನ್ನೊಂದು ಕಡೆಗೆ ವಾಲುತ್ತದೆ.

ನಿಮ್ಮ ಲಕ್ಷಣ ನೋಡಿದರೆ ಅನುಮಾನ ಹೋಗುವುದು ಬ್ಲೀಚ್-ಫಿಕ್ಸ್ ಮೇಲೆ, ಅಂದರೆ ಪೇಪರಿನಲ್ಲಿ ಉಳಿದ ಬೆಳ್ಳಿಯನ್ನು ತೆಗೆಯುವ ದ್ರಾವಣದ ಮೇಲೆ. ಅದರ ಶಕ್ತಿ ಕುಂದಿದಾಗ ಸಯಾನ್ ಬಣ್ಣದ ಒಂದು ಪಾಲು ಬಣ್ಣವಿಲ್ಲದ ರೂಪದಲ್ಲೇ ಉಳಿದುಬಿಡುತ್ತದೆ. ಸಯಾನ್ ಕಡಿಮೆಯಾದ ಕಪ್ಪು ಕೆಂಪಾಗಿ ಕಾಣಲೇಬೇಕು. ಖಚಿತಪಡಿಸಿಕೊಳ್ಳುವುದು ಸುಲಭ. ಕೆಟ್ಟ ಪ್ರಿಂಟೊಂದನ್ನು ಎರಡಾಗಿ ಕತ್ತರಿಸಿ, ಒಂದು ತುಂಡನ್ನು ಹೊಸದಾಗಿ ಕಲಸಿದ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯ ಬ್ಲೀಚ್-ಫಿಕ್ಸ್‌ನಲ್ಲಿ 2–3 ನಿಮಿಷ ಅಲ್ಲಾಡಿಸಿ. ಕತ್ತಲೆ ಬೇಕಿಲ್ಲ, ಕೈಗವಸು ಬೇಕು. ಚೆನ್ನಾಗಿ ತೊಳೆದು ಒಣಗಿಸಿ ಇನ್ನೊಂದು ತುಂಡಿನ ಪಕ್ಕ ಇಡಿ. ಕಪ್ಪು ನಿಜವಾದ ಕಪ್ಪಾಗಿದ್ದರೆ ಕಳ್ಳ ಸಿಕ್ಕಂತೆ.

ಆಮೇಲೆ ಕಾರಣ ಹುಡುಕಿ: ಖರ್ಚಾದಷ್ಟು ಹೊಸ ದ್ರಾವಣ (ರಿಪ್ಲೆನಿಷರ್) ತುಂಬುವ ಪಂಪ್ ಎತ್ತುತ್ತಿದೆಯೇ, ಫಿಲ್ಟರ್ ಕಟ್ಟಿದೆಯೇ, ದ್ರಾವಣ ಸುತ್ತುತ್ತಿದೆಯೇ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಿಂದ ಹೊರಬರುವ ಕಡೆಯ ಹಿಂಡುವ ರೋಲರ್ ಸವೆದು ಪೇಪರ್ ಜೊತೆ ಡೆವಲಪರನ್ನೂ ಹೊತ್ತು ತರುತ್ತಿದೆಯೇ. ಪಂಪನ್ನು ಪರದೆಯ ಮೇಲಿನ ಅಂಕಿ ನೋಡಿ ನಂಬಬೇಡಿ, ಅಳತೆ ಜಾಡಿಗೆ ಬಿಟ್ಟು ಅಳೆಯಿರಿ. ಡೆವಲಪರ್ ಪಂಪಿಗೂ ಇದೇ ಮಾತು: ಕೈಪಿಡಿಯಲ್ಲಿ ಚದರ ಮೀಟರಿಗೆ 160 ಮಿಲಿ ಎಂದಿದ್ದರೆ, 4×6 ಅಂಗುಲದ ಒಂದು ಪ್ರಿಂಟಿಗೆ ಸುಮಾರು 2.5 ಮಿಲಿ, ನೂರಕ್ಕೆ ಕಾಲು ಲೀಟರ್ ಹೋಗಬೇಕು.

ಬ್ಲೀಚ್-ಫಿಕ್ಸ್‌ನಲ್ಲಿ ಅಲ್ಲಾಡಿಸಿದ ತುಂಡು ಬದಲಾಗದೇ ಇದ್ದರೆ ಕಂಟ್ರೋಲ್ ಸ್ಟ್ರಿಪ್, ಅಂದರೆ ಕೆಮಿಕಲ್ ಪರೀಕ್ಷೆಗೆಂದೇ ಸಿಗುವ ಪೇಪರ್ ಪಟ್ಟಿ, ಹಾಯಿಸಿ. ಅದಕ್ಕೆ ಬೆಳಕು ಕೊಟ್ಟಿರುವುದು ತಯಾರಕರೇ ಆದ್ದರಿಂದ ಅದರಲ್ಲಿ ನಿಮ್ಮ ಲೇಸರ್ ಪಾತ್ರ ಏನೂ ಇರುವುದಿಲ್ಲ. ಸ್ಟ್ರಿಪ್ ಸರಿ ಬಂದರೆ ತಪ್ಪು ಬೆಳಕು ಕೊಡುವ ಭಾಗವಾದ ಪ್ರಿಂಟರ್‌ನದು ಅಥವಾ ಪೇಪರಿನದು, ಬರದಿದ್ದರೆ ಕೆಮಿಕಲ್ ಟ್ಯಾಂಕುಗಳ ಭಾಗವಾದ ಪ್ರೊಸೆಸರ್‌ನದು. ಫ್ರೀಜರ್‌ನಿಂದ ತೆಗೆದ ಸ್ಟ್ರಿಪ್ ಪೊಟ್ಟಣವನ್ನು ಅರ್ಧ ಗಂಟೆ ಹಾಗೇ ಬಿಟ್ಟು ನಂತರ ಬಿಚ್ಚಿ. ತಣ್ಣಗಿರುವಾಗಲೇ ಬಿಚ್ಚಿದರೆ ಸ್ಟ್ರಿಪ್ ಮೇಲೆ ನೀರು ಕೂರುತ್ತದೆ.

ಪ್ರಶ್ನೆ: ಪೇಪರ್ ಸಾಗುವ ದಿಕ್ಕಿನಲ್ಲಿ ಉದ್ದಕ್ಕೂ ಒಂದು ತೆಳು ಗೆರೆ. ಜೊತೆಗೆ ಸುಮಾರು 8 ಸೆಂಟಿಮೀಟರಿಗೊಮ್ಮೆ ಚುಕ್ಕೆಯೂ ಬೀಳುತ್ತಿದೆ.

ಉತ್ತರ: ಇವು ಬಹುಶಃ ಎರಡು ಬೇರೆ ಕಾಯಿಲೆ. ಚುಕ್ಕೆ ಸುಲಭದ್ದು. ಸಮ ಅಂತರದಲ್ಲಿ ಮರುಕಳಿಸುವ ಗುರುತು ರೋಲರ್‌ನದೇ. 8 ಅನ್ನು 3.14ರಿಂದ ಭಾಗಿಸಿದರೆ ಸುಮಾರು 2.5. ಅಷ್ಟು ಸೆಂಟಿಮೀಟರ್ ವ್ಯಾಸದ ರೋಲರ್‌ಗಳನ್ನಷ್ಟೇ ಬೆರಳಾಡಿಸಿ ನೋಡಿ. ಅಂಟಿದ ಹರಳೋ ಪೇಪರ್ ಚೂರೋ ಸಿಗುತ್ತದೆ.

ಗೆರೆಗೆ ಭೂತಗನ್ನಡಿ ಹಿಡಿಯಿರಿ. ಕಪ್ಪು ಭಾಗದಲ್ಲಿ ಅದು ಯಾವ ಬಣ್ಣ? ಪೇಪರಿನಲ್ಲಿ ಮೇಲಿನ ಪದರ ಸಯಾನ್, ನಡುವಿನದು ಮೆಜೆಂಟಾ (ನೇರಳೆಗೆಂಪು), ತಳದ್ದು ಹಳದಿ. ಮೇಲ್ಪದರವಷ್ಟೇ ಕಿತ್ತಿದ್ದರೆ ಗೆರೆ ಕೆಂಪು, ಎರಡು ಪದರ ಕಿತ್ತಿದ್ದರೆ ಹಳದಿ, ತಳದವರೆಗೂ ಹೋಗಿದ್ದರೆ ಬಿಳಿ. ಓರೆ ಬೆಳಕಿನಲ್ಲಿ ಗೀರು ಎದ್ದು ಕಂಡರೆ ರೋಲರ್‌ಗಳನ್ನು ಹಿಡಿದಿರುವ ರ‍್ಯಾಕ್ ಅಥವಾ ಗೈಡ್ ಉಜ್ಜುತ್ತಿದೆ ಎಂದರ್ಥ. ಮೇಲ್ಮೈ ನುಣುಪಾಗಿಯೇ ಇದ್ದು, ಗೆರೆ ಮಸುಕಾಗಿ ಒಂದೇ ಜಾಗದಲ್ಲಿ ಬರುತ್ತಿದ್ದರೆ ಲೇಸರ್ ಹೊರಬರುವ ಗಾಜಿನ ಮೇಲೆ ಧೂಳಿದೆ. ಮೆಷಿನ್ ಪೂರ್ತಿ ಆರಿಸಿ, ಕೈಪಿಡಿ ಹೇಳಿದ ರೀತಿಯಲ್ಲೇ ಒರೆಸಿ. ಮುಚ್ಚಳ ತೆರೆದು ಲೇಸರ್ ಉರಿಸಿ ನೋಡುವ ಧೈರ್ಯ ಮಾತ್ರ ಬೇಡ, ಕಣ್ಣು ಹೋಗುತ್ತದೆ.

ಗೆರೆ ಅಡ್ಡಕ್ಕಿದ್ದರೆ ಕಥೆಯೇ ಬೇರೆ: ಬೆಳಕು ಬೀಳುವಾಗ ಪೇಪರ್ ಜರ್ಕ್ ಹೊಡೆಯುತ್ತಿದೆ. ಬೆಲ್ಟ್, ಗೇರ್ ನೋಡಿಸಿ.

ಪ್ರಶ್ನೆ: ಒಂದು ವಾರ ಮೆಷಿನ್ ನಿಂತಿತ್ತು. ಈಗ ಬಿಳಿ ಅಂಚು ಹಳದಿಯಾಗಿದೆ. ಪೇಪರ್ ಕೆಟ್ಟಿದೆಯೇ?

ಉತ್ತರ: ಕತ್ತಲಲ್ಲಿ ಹೊಸ ಪೆಟ್ಟಿಗೆ ಒಡೆದು, ಬೆಳಕು ಕಾಣದ ಒಂದು ತುಂಡನ್ನು ಪೂರ್ತಿ ಪ್ರೊಸೆಸ್ ಮಾಡಿ, ಇನ್ನೊಂದನ್ನು ಡೆವಲಪರ್ ತೋರಿಸದೆ ಹೊಸ ಬ್ಲೀಚ್-ಫಿಕ್ಸ್‌ನಲ್ಲಿ ಅದ್ದಿ ತೊಳೆಯಿರಿ. ಎರಡನೆಯದು ಬೆಳ್ಳಗಿದ್ದು ಮೊದಲನೆಯದು ಹಳದಿಯಾದರೆ ಡೆವಲಪರನ್ನೇ ಅನುಮಾನಿಸಿ. ನಿಂತ ಟ್ಯಾಂಕಿನಲ್ಲಿ ಗಾಳಿ ತಗುಲಿ ಅದು ಕಂದಾಗಿರಬಹುದು, ಇಲ್ಲವೇ ಅದರೊಳಗೆ ಬ್ಲೀಚ್-ಫಿಕ್ಸ್ ಸಿಡಿದಿರಬಹುದು. ಬ್ಲೀಚ್-ಫಿಕ್ಸ್ ಬಿದ್ದ ಡೆವಲಪರನ್ನು ರಿಪ್ಲೆನಿಷರ್ ಸುರಿದು ಉಳಿಸಲು ಹೋಗಬೇಡಿ. ಟ್ಯಾಂಕು, ರ‍್ಯಾಕು ತೊಳೆದು ಹೊಸ ಟ್ಯಾಂಕಿಗೆ ಬೆರೆಸುವ ಸ್ಟಾರ್ಟರ್ ದ್ರಾವಣದ ಸಮೇತ ಹೊಸದಾಗಿ ತುಂಬಿ. ಮುಂದೆ ರ‍್ಯಾಕ್ ಎತ್ತುವಾಗ ಡೆವಲಪರ್‌ನದು ಮೊದಲು, ಬ್ಲೀಚ್-ಫಿಕ್ಸ್‌ನದು ಆಮೇಲೆ. ಬ್ಲೀಚ್-ಫಿಕ್ಸ್ ಮುಟ್ಟಿದ ಕೈಗವಸು ತೊಳೆಯದೆ ಡೆವಲಪರ್ ಕಡೆ ಬರಬಾರದು.