ಲೈಬ್ರರಿ ಬಳಸುವವರಿಗೆ ಟೈಪ್‌ಸ್ಕ್ರಿಪ್ಟ್‌ನ ‘ಸ್ಟ್ರಿಕ್ಟ್’ (ಕಟ್ಟುನಿಟ್ಟಿನ ಟೈಪ್ ತಪಾಸಣೆ) ಬೇಕೇ ಬೇಕು ಅಂತ ಎಲ್ಲಿ, ಹೇಗೆ ಬರೆಯಬೇಕು?

ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಬಿಲ್ ಲೆಕ್ಕ ಹಾಕುವ ಟೈಪ್‌ಸ್ಕ್ರಿಪ್ಟ್ ಲೈಬ್ರರಿ ನಿಮ್ಮದು, ಅಲ್ವಾ? ರೀಡ್‌ಮಿಯಲ್ಲಿ ಇನ್‌ಸ್ಟಾಲ್ ಕಮಾಂಡ್‌ನ ಕೆಳಗೇ ಬರೆಯಿರಿ. ಕೊನೆಯಲ್ಲಿ ಹಾಕಿದರೆ ಯಾರೂ ಓದಲ್ಲ.

‘ಟಿಎಸ್‌ಕಾನ್ಫಿಗ್‌ನಲ್ಲಿ (ಕಂಪೈಲರ್ ಸೆಟ್ಟಿಂಗ್ ಫೈಲ್) ಸ್ಟ್ರಿಕ್ಟ್ ಆನ್ ಇರಲಿ’ ಅಂತ ಸುಮ್ನೆ ಹೇಳಿದರೆ ಸಾಲದು, ಕಾರಣವನ್ನೂ ತೋರಿಸಿ. ತೂಕ ಕೊಡುವ ನಿಮ್ಮ ಫಂಕ್ಷನ್‌ನ ಟೈಪ್ ‘ನಂಬರ್ ಅಥವಾ ಅನ್‌ಡಿಫೈನ್ಡ್’ ಅಂತಿಟ್ಟುಕೊಳ್ಳಿ. ತೂಕದ ಚೀಟಿ ಸಿಗದಿದ್ದರೆ ಅನ್‌ಡಿಫೈನ್ಡ್. ಬಳಸುವವರು ಸ್ಟ್ರಿಕ್ಟ್‌ನ ಭಾಗವಾದ ಸ್ಟ್ರಿಕ್ಟ್ ನಲ್ ಚೆಕ್ಸ್ (ಅನ್‌ಡಿಫೈನ್ಡ್‌ನಂಥ ಖಾಲಿ ಮೌಲ್ಯ ಬರಬಹುದಾದ ಕಡೆ ಎಚ್ಚರಿಸುವ ಆಯ್ಕೆ) ಆಫ್ ಇಟ್ಟಿದ್ದರೆ ಕಂಪೈಲರ್‌ಗೆ ಅದು ಬರೀ ನಂಬರ್. ಎಡಿಟರ್‌ನಲ್ಲಿ ಕೆಂಪು ಗೆರೆ ಬರಲ್ಲ. ಅದನ್ನು ದರದಿಂದ ಗುಣಿಸಿದಾಗ ರೈತರ ಬಿಲ್ಲಿನಲ್ಲಿ ಮೊತ್ತದ ಜಾಗದಲ್ಲಿ ‘ಎನ್‌ಎಎನ್’ (‘ಸಂಖ್ಯೆಯಲ್ಲ’ ಅನ್ನುವ ಗುರುತು) ಕೂತಿರುತ್ತದೆ! ಈ ಉದಾಹರಣೆಯನ್ನೇ ನಾಲ್ಕು ಸಾಲಿನ ಕೋಡ್ ಆಗಿ ಹಾಕಿ.

ನೀವು ಸ್ಟ್ರಿಕ್ಟ್‌ನಲ್ಲಿ ಕಂಪೈಲ್ ಮಾಡಿದ್ದರೂ ಅವರಿಗೆ ರಕ್ಷಣೆ ಸಿಗಲ್ಲ. ಟೈಪ್‌ಗಳ ವಿವರ ಇರುವ ನಿಮ್ಮ ಡಿ.ಟಿಎಸ್ ಫೈಲನ್ನು ಕಂಪೈಲರ್ ಓದುವುದು ಅವರ ಸೆಟ್ಟಿಂಗ್ ಪ್ರಕಾರ. ಸ್ಕಿಪ್‌ಲಿಬ್‌ಚೆಕ್ (ಡಿ.ಟಿಎಸ್ ಫೈಲ್‌ಗಳ ತಪಾಸಣೆ ಬಿಟ್ಟುಬಿಡುವ ಆಯ್ಕೆ) ಹಾಕಿದರೂ ಇದು ಬದಲಾಗಲ್ಲ.

ಟೈಪ್‌ಸ್ಕ್ರಿಪ್ಟ್ ವರ್ಷನ್ ಕೂಡ ನಮೂದಿಸಿ. ಸ್ಟ್ರಿಕ್ಟ್ ಆಯ್ಕೆ 2017ರ 2.3ರಲ್ಲೇ ಬಂದಿದೆ, ಆದರೆ ನೀವು ಟೆಸ್ಟ್ ಮಾಡಿರುವ ಅತಿ ಹಳೆಯ ವರ್ಷನ್ ಯಾವುದೋ ಅದನ್ನೇ ಬರೆಯಿರಿ. ಹಳೇ ಪ್ರಾಜೆಕ್ಟ್‌ನವರು ಪೂರ್ತಿ ಸ್ಟ್ರಿಕ್ಟ್ ಆನ್ ಮಾಡಿದರೆ ಎರರ್ ರಾಶಿ ಬೀಳಬಹುದು. ಅವರಿಗೆ ಸ್ಟ್ರಿಕ್ಟ್ ನಲ್ ಚೆಕ್ಸ್ ಒಂದೇ ಸಾಕಾಗುತ್ತದಾ ಅಂತ ನೀವೇ ನೋಡಿ, ಸಾಕಾದರೆ ಅದನ್ನೂ ಸೇರಿಸಿ.