ಟವರ್ ನಿಂತಾಗ ಊರಿನ ಮೊಬೈಲ್‌ಗಳನ್ನೇ ಜೋಡಿಸಿ ಜಾಲ ಮಾಡಿಕೊಳ್ಳಬಹುದೇ?

ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದ ಮೇಲೆ, ಊರಿನವರ ಕೈಯಲ್ಲಿರುವ ಮಾಮೂಲಿ ಮೊಬೈಲ್‌ಗಳನ್ನೇ ಒಂದಕ್ಕೊಂದು ಜೋಡಿಸಿ ಕರೆ, ಸಂದೇಶ ಎರಡನ್ನೂ ನಡೆಸಬಹುದೇ ಎಂದು ಕೇಳಿದ್ದೀರಿ. ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯವನು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿದ ದಿನಗಳಲ್ಲಿ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು; ಆಮೇಲೆ ಎರಡು ಮಳೆಗಾಲ ನಮ್ಮ ತೋಟದಲ್ಲಿ ಹಳೆಯ ಫೋನ್‌ಗಳನ್ನಿಟ್ಟು ಪ್ರಯತ್ನಿಸಿದ್ದೇನೆ. ಕಾಯಬಲ್ಲ ಸಂದೇಶಗಳನ್ನು ಹೀಗೆ ಸಾಗಿಸಬಹುದು, ಕರೆಯ ಆಸೆಯನ್ನು ಬಿಡಬೇಕು ಎಂಬುದು ನನ್ನ ಉತ್ತರ.

ರೂಟರಿನ ಹಂಗಿಲ್ಲದೆ ಯಂತ್ರಗಳು ಸರಿಸಮವಾಗಿ ಮಾತಾಡಿಕೊಳ್ಳುವ ‘ಅಡ್‌ಹಾಕ್’ ವಿಧಾನ ವೈಫೈಯಲ್ಲಿ ಮೊದಲಿನಿಂದಲೂ ಇದೆ, ಆದರೆ ಆಂಡ್ರಾಯ್ಡ್ ಅದನ್ನು ಬಳಕೆದಾರರ ಕೈಗೆ ಕೊಡಲಿಲ್ಲ. 2010ರ ಹೈಟಿ ಭೂಕಂಪದ ನಂತರ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಪಾಲ್ ಗಾರ್ಡ್ನರ್-ಸ್ಟೀಫನ್ ಆರಂಭಿಸಿದ, ಟವರಿಲ್ಲದೆ ಫೋನುಗಳನ್ನು ಜೋಡಿಸುವ ಸರ್ವಲ್ ಯೋಜನೆಗೆ ಅಡ್ಡಬಂದದ್ದೂ ಇದೇ: ಆ ವಿಧಾನವನ್ನು ತೆರೆಯಬೇಕಾದರೆ ಫೋನನ್ನು ರೂಟ್ ಮಾಡಬೇಕಾಗಿತ್ತು (ಅಂದರೆ ತಯಾರಕರು ಹಾಕಿದ ಬೀಗ ತೆಗೆದು ಫೋನಿನ ಪೂರ್ತಿ ಹಿಡಿತ ಪಡೆಯಬೇಕಾಗಿತ್ತು), ಅದನ್ನು ಊರಿನ ಪ್ರತಿಯೊಬ್ಬರಿಂದ ಮಾಡಿಸುವುದು ಆಗದ ಮಾತು. ಆಂಡ್ರಾಯ್ಡ್ 4.0ರಲ್ಲಿ ಬಂದ ವೈಫೈ ಡೈರೆಕ್ಟ್‌ಗೆ ರೂಟ್ ಬೇಡವಾದರೂ, ಅದರಲ್ಲಿ ಒಂದು ಫೋನ್ ಗುಂಪಿನ ಯಜಮಾನನಾಗಿ ಉಳಿದವೆಲ್ಲ ಅದನ್ನೇ ಆತುಕೊಂಡಿರುತ್ತವೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವ ವ್ಯವಸ್ಥೆ ಸುಲಭಕ್ಕೆ ಕೈಗೂಡುವುದಿಲ್ಲ. ಹೇಗೋ ಕೈಗೂಡಿತೆಂದರೂ, ಒಂದೇ ಚಾನೆಲ್‌ನಲ್ಲಿ ಫೋನು ಕೇಳುವುದನ್ನೂ ಹೇಳುವುದನ್ನೂ ಏಕಕಾಲಕ್ಕೆ ಮಾಡಲಾರದು. ಹಾಗಾಗಿ ನಡುವೆ ಕೈ ಬದಲಾದಷ್ಟೂ ವೇಗ ಕುಸಿಯುತ್ತ ಹೋಗುತ್ತದೆ. ಅಕ್ಷರಗಳಿಗೆ ಇದರಿಂದ ತೊಂದರೆಯಿಲ್ಲ, ಧ್ವನಿ ಮಾತ್ರ ಎರಡು ಮೂರು ಫೋನ್ ದಾಟುವಷ್ಟರಲ್ಲಿ ಚೂರುಚೂರಾಗುತ್ತದೆ.

ಆದ್ದರಿಂದಲೇ ಈಗಿನ ಆ್ಯಪ್‌ಗಳಲ್ಲಿ ಹಲವು, ಕಡಿಮೆ ಬ್ಯಾಟರಿ ಬಳಸುವ ಬ್ಲೂಟೂತನ್ನು ನೆಚ್ಚಿಕೊಂಡಿವೆ. 2025ರ ಜುಲೈನಲ್ಲಿ ಟ್ವಿಟರ್ ಸ್ಥಾಪಕರಲ್ಲೊಬ್ಬರಾದ ಜ್ಯಾಕ್ ಡಾರ್ಸಿ ಹೊರತಂದ ಬಿಟ್‌ಚಾಟ್‌ನಲ್ಲಿ ಸಂದೇಶವೊಂದು ಗರಿಷ್ಠ 7 ಸಲ ಫೋನಿನಿಂದ ಫೋನಿಗೆ ದಾಟಬಲ್ಲದು. ಇಂಥ ಕೆಲಸಕ್ಕೆ ಹಲವರು ಹೆಸರಿಸುವ ಬ್ರಯರ್ ಆ್ಯಪನ್ನು 2023ರಲ್ಲಿ ಕೇಂದ್ರ ಸರ್ಕಾರ ಬೇರೆ 13 ಆ್ಯಪ್‌ಗಳ ಜೊತೆ ನಿರ್ಬಂಧಿಸಿದೆ ಎಂಬುದನ್ನು ಗಮನದಲ್ಲಿಡಿ. ಹಾಂಗ್‌ಕಾಂಗ್‌ನ 2014ರ ಪ್ರತಿಭಟನೆಯಲ್ಲಿ ಫೈರ್‌ಚಾಟ್ ಎಂಬ ಇಂಥದೇ ಆ್ಯಪ್ ಬಳಕೆಗೆ ಬಂದದ್ದನ್ನು ಓದಿ ನಮ್ಮಲ್ಲೂ ಹಾಗೆಯೇ ಆದೀತೆಂದು ನಾನು ನಂಬಿದ್ದೆ, ಆದರೆ ಅಲ್ಲಿ ಸಾವಿರಾರು ಜನ ಒಂದೇ ಬೀದಿಯಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದರು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ಒಂದು ಇಡೀ ತೋಟ ಇರುತ್ತದೆ.

ತೋಟವೆಂದರೆ ಬರೀ ದೂರವಲ್ಲ. ಬ್ಲೂಟೂತ್ ಮತ್ತು ಸಾಮಾನ್ಯ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಸಿಲ್ವರ್ ಓಕ್‌ನಿಂದ ಹಿಡಿದು ಕಾಫಿ ಗಿಡದವರೆಗೆ ಎಲೆ ಎಲೆಯೂ ನೀರು ಹೊತ್ತು ನಿಂತಿರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಣದಿಂದ ಕೂಲಿಕಾರರ ಲೈನ್ ಮನೆಗಳವರೆಗೆ ತಲುಪುತ್ತಿದ್ದ ಸಂದೇಶ ಜುಲೈನಲ್ಲಿ ಅರ್ಧ ದಾರಿಯನ್ನೂ ದಾಟಲಿಲ್ಲ. ಬೇಸರವಾಗಿ ಫೋನ್‌ಗಳನ್ನು ಎತ್ತಿಡಬೇಕೆನ್ನುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಬೆಳಿಗ್ಗೆ ಕಳುಹಿಸಿದ ಸಂದೇಶ ಮಧ್ಯಾಹ್ನದ ಹೊತ್ತಿಗೆ ಲೈನ್ ಮನೆಯ ಫೋನಿನಲ್ಲಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ತಮ್ಮ ಜೇಬಿನ ಫೋನಿನಲ್ಲಿ, ತಮಗೇ ಅರಿವಿಲ್ಲದೆ, ಅದನ್ನು ಹೊತ್ತು ಹೋಗಿದ್ದರು. ಮುಂದಿನ ಫೋನ್ ಎದುರಾಗುವವರೆಗೆ ಸಂದೇಶವನ್ನು ತನ್ನಲ್ಲೇ ಇಟ್ಟುಕೊಳ್ಳುವ ಆ್ಯಪ್ ಆಗಿದ್ದರೆ, ಹಾಲಿನ ಡೈರಿಗೆ ಹೋಗುವವರು, ಪಡಿತರ ತರುವವರು, ಜೀಪಿನ ಚಾಲಕರು ಎಲ್ಲರೂ ಟಪಾಲಿನವರೇ ಆಗುತ್ತಾರೆ. ಅಂದಿನಿಂದ ನಾನು ಫೋನ್‌ಗಳನ್ನು ಎಲ್ಲಿಡಬೇಕೆಂದು ಲೆಕ್ಕ ಹಾಕುವುದನ್ನು ಬಿಟ್ಟು, ಊರಿನಲ್ಲಿ ದಿನವೂ ಯಾರು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆಂದು ಬರೆದಿಡಲಾರಂಭಿಸಿದೆ. ನೀವೂ ಅಲ್ಲಿಂದಲೇ ಆರಂಭಿಸಿ.

‘ಅಜ್ಜಿಯ ಬಿಪಿ ಮಾತ್ರೆ ಮುಗಿದಿದೆ’, ‘ಸೇತುವೆ ಮೇಲೆ ನೀರು ಬಂದಿದೆ, ನಾಳೆ ಕೆಲಸಕ್ಕೆ ಬರಬೇಡಿ’ ಎಂಬಂಥ ಸುದ್ದಿಗೆ ಇಷ್ಟು ಸಾಕು. ಆದರೆ ಆನೆ ಬಂದಿದೆ ಎಂಬ ಎಚ್ಚರಿಕೆಯನ್ನು ದಯವಿಟ್ಟು ಈ ಜಾಲಕ್ಕೆ ಒಪ್ಪಿಸಬೇಡಿ. ಎರಡು ಗಂಟೆ ತಡವಾಗಿ ತಲುಪಿದ ಅಂಥ ಸುದ್ದಿಯಿಂದ, ಆನೆ ಈಗ ಎಲ್ಲಿಲ್ಲವೋ ಅಲ್ಲಿ ಹೆದರಿ, ಎಲ್ಲಿದೆಯೋ ಅಲ್ಲಿಗೇ ಜನ ನಡೆದುಹೋಗಬಹುದು.

ತಕ್ಷಣ ತಲುಪಲೇಬೇಕಾದ ಸುದ್ದಿಗೆ ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳುಹಿಸುವ ಲೋರಾ ರೇಡಿಯೊ ಬೇಕು. ಮೆಶ್‌ಟ್ಯಾಸ್ಟಿಕ್ ಎಂಬ ಮುಕ್ತ ತಂತ್ರಾಂಶ ಹಾಕಿದ ಅಂಗೈಯಷ್ಟಗಲದ ಸಾಧನವನ್ನು ಫೋನಿಗೆ ಬ್ಲೂಟೂತ್ ಮೂಲಕ ಜೋಡಿಸಿದರೆ, ಫೋನು ಬರೆಯಲು ಓದಲು ಮಾತ್ರ, ದೂರ ಸಾಗಿಸುವ ಕೆಲಸ ಆ ಸಾಧನದ್ದು. ಭಾರತದಲ್ಲಿ ಇದಕ್ಕೆ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಇದೆ; ಈ ಅಲೆ ಎಲೆಗಳ ನಡುವೆ 2.4 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ನುಗ್ಗುತ್ತದೆ, ಗುಡ್ಡದ ನೆತ್ತಿಯಲ್ಲೊಂದನ್ನು ಸೋಲಾರ್ ಪ್ಯಾನೆಲ್ ಜೊತೆ ಕಟ್ಟಿದರೆ ಕೆಲವು ಕಿಲೋಮೀಟರ್ ದೂರವನ್ನೂ ಮುಟ್ಟುತ್ತದೆ. ಇದರಲ್ಲೂ ಅಕ್ಷರಗಳಷ್ಟೇ ಸಾಗುತ್ತವೆ. ಸರ್ವಲ್‌ನವರೂ ಕೊನೆಗೆ ಫೋನಿನ ಜೊತೆಗೆ ಇಂಥದೇ ಹೊರಗಿನ ರೇಡಿಯೊ ಪೆಟ್ಟಿಗೆಯೊಂದನ್ನು ರೂಪಿಸಿದರು.

ಆ್ಯಪನ್ನು ನೆಟ್‌ವರ್ಕ್ ಇರುವಾಗಲೇ, ಅಂದರೆ ಮೇ ತಿಂಗಳೊಳಗೆ, ಎಲ್ಲರ ಫೋನಿಗೂ ಹಾಕಿಸಿ. ಬ್ಯಾಟರಿ ಉಳಿತಾಯದ ಸೆಟ್ಟಿಂಗ್‌ನಿಂದ ಅದನ್ನು ಹೊರಗಿಡದಿದ್ದರೆ ಆಂಡ್ರಾಯ್ಡ್ ಅದನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುತ್ತದೆ; ಹಳೆಯ ಫೋನ್‌ಗಳಲ್ಲಿ ಲೊಕೇಶನ್ ಆನ್ ಇಲ್ಲದಿದ್ದರೆ ಬ್ಲೂಟೂತ್ ಪಕ್ಕದ ಫೋನನ್ನು ಹುಡುಕುವುದೂ ಇಲ್ಲ. ನಮ್ಮಲ್ಲಿ ಸೋತ ಪ್ರಯತ್ನಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಸೋತವು. ಆಮೇಲೆ ಜೂನ್‌ನ ಮೊದಲ ದೊಡ್ಡ ಮಳೆ ಹಿಡಿದ ದಿನ ಎಲ್ಲ ಫೋನ್‌ಗಳನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿಸಿ, ಬ್ಲೂಟೂತ್ ಮಾತ್ರ ತೆರೆದಿಟ್ಟು, ಊರಿನ ಕಟ್ಟಕಡೆಯ ಮನೆಯಿಂದ ಒಂದು ಸಂದೇಶ ಕಳುಹಿಸಿ. ಅದು ಯಾರ ಕೈಯಲ್ಲಿ ಎಷ್ಟು ಹೊತ್ತಿಗೆ ತಲುಪಿತೆಂದು ಸಂಜೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ.