ಟೆಕ್ಸಸ್ ಕಾನೂನು ಮತ್ತು ನಿಮ್ಮ ಸಂಘದ ದುಡ್ಡು

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಗಳ ಜಮಾ-ಖರ್ಚು ನೋಡುವುದು ಬಹಳ ಕಾಲ ನನ್ನ ಕಸುಬಾಗಿತ್ತು. ಆ ಕಾರಣಕ್ಕೋ ಏನೋ, ರಾಜ್ಯೋತ್ಸವ ಹತ್ತಿರವಾದಂತೆ ಅಲ್ಲಿ ಓದುತ್ತಿರುವ ಕನ್ನಡದ ಮಕ್ಕಳ ಪತ್ರಗಳೂ ಇಲ್ಲಿರುವ ಅವರ ತಂದೆತಾಯಿಯರ ಪತ್ರಗಳೂ ನನ್ನ ಮೇಜಿಗೆ ಬಂದು ಬೀಳುತ್ತವೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅದೇ: ಹೊಸ ಕಾನೂನಿನಿಂದ ನಮ್ಮ ಸಂಘಕ್ಕೂ ಅದರ ದುಡ್ಡಿಗೂ ಏನಾಗುತ್ತದೆ? ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ, ಅಂದರೆ ಡಿಇಐ ಹೆಸರಿನ ಕಚೇರಿಗಳಿಗೂ ಕಾರ್ಯಕ್ರಮಗಳಿಗೂ ಸರ್ಕಾರಿ ವಿಶ್ವವಿದ್ಯಾಲಯಗಳು ಖರ್ಚು ಮಾಡಬಾರದೆಂದು ಹಲವು ರಾಜ್ಯಗಳು ಕಾನೂನು ಮಾಡಿವೆ; ಟೆಕ್ಸಸ್‌ನ ಸೆನೆಟ್ ಬಿಲ್ 17, ಅಂದರೆ ಎಸ್‌ಬಿ 17, ಅವುಗಳಲ್ಲಿ ಒಂದು. ಅದರ ಹಿಂದಿನ ರಾಜಕೀಯ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ. ವಕೀಲಿ ನನ್ನ ವೃತ್ತಿಯಲ್ಲ. ಕೋರ್ಟಿಗೆ ಹೋಗುವ ಯೋಚನೆಯಿದ್ದವರು ವಕೀಲರನ್ನು ಕಾಣಿ.

ಪ್ರಶ್ನೆ: ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯವೊಂದರ ಕನ್ನಡ ವಿದ್ಯಾರ್ಥಿ ಸಂಘಕ್ಕೆ ನಾನು ಖಜಾಂಚಿ. ರಾಜ್ಯೋತ್ಸವಕ್ಕೆಂದು ಸಭಾಂಗಣ, ಊಟ, ಡೊಳ್ಳು ಕುಣಿತದ ತಂಡದ ಸಂಭಾವನೆ ಎಲ್ಲ ಸೇರಿಸಿ ಅನುದಾನ ಕೇಳಿದ್ದೆವು. ‘ಎಸ್‌ಬಿ 17ರ ಕಾರಣ ಸಾಧ್ಯವಿಲ್ಲ’ ಎಂದು ಒಂದು ಸಾಲಿನ ಉತ್ತರ ಬಂದಿದೆ. ಇನ್ನು ಸಂಘವನ್ನೇ ಮುಚ್ಚಿಸುತ್ತಾರೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಮೊದಲು ಆ ಹಿರಿಯ ವಿದ್ಯಾರ್ಥಿಗಳನ್ನು ಕೂರಿಸಿ, ಕಾನೂನನ್ನು ಓದಿಸಿ. ಅದು ಕೆಲವೇ ಪುಟಗಳದ್ದು. 2023ರ ಜೂನ್‌ನಲ್ಲಿ ಗವರ್ನರ್ ಗ್ರೆಗ್ ಅಬಾಟ್ ಸಹಿ ಹಾಕಿದ, 2024ರ ಜನವರಿ 1ರಿಂದ ಜಾರಿಯಲ್ಲಿರುವ ಸೆನೆಟ್ ಬಿಲ್ 17 ಏನನ್ನು ನಿಷೇಧಿಸುತ್ತದೆಯೋ ಅದರ ಕೆಳಗೇ ಯಾವುದಕ್ಕೆಲ್ಲ ತಾನು ಅನ್ವಯಿಸುವುದಿಲ್ಲ ಎಂದೂ ಹೇಳುತ್ತದೆ. ತರಗತಿಯ ಪಾಠ, ಸಂಶೋಧನೆ, ನೋಂದಾಯಿತ ವಿದ್ಯಾರ್ಥಿ ಸಂಘಗಳ ಚಟುವಟಿಕೆ, ಅಲ್ಪಕಾಲಕ್ಕೆ ಬಂದುಹೋಗುವ ಅತಿಥಿ ಭಾಷಣಕಾರರು ಮತ್ತು ಕಲಾವಿದರು, ಇವೆಲ್ಲ ಆ ವಿನಾಯಿತಿಯ ಪಟ್ಟಿಯಲ್ಲಿವೆ. ಅಂದರೆ ನಿಮ್ಮ ಸಂಘಕ್ಕೂ ರಕ್ಷಣೆಯಿದೆ, ನಿಮ್ಮ ಡೊಳ್ಳಿನ ತಂಡಕ್ಕೂ ಇದೆ. ಸಂಘ ಮುಚ್ಚಿಸುವ ಮಾತು ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಅನುದಾನ ಏಕೆ ಬರಲಿಲ್ಲ? ವಿನಾಯಿತಿ ಎಂದರೆ ‘ನಿಮ್ಮನ್ನು ತಡೆಯುವುದಿಲ್ಲ’ ಎಂದಷ್ಟೇ. ನಿಮಗೆ ಹಣ, ಕೋಣೆ, ಸಿಬ್ಬಂದಿ ಒದಗಿಸಬೇಕೆಂದು ಅದು ಯಾರಿಗೂ ಹೇಳುವುದಿಲ್ಲ. ಕಾನೂನು ಕೈಯಿಟ್ಟಿರುವುದು ಸಂಘಗಳ ಬೆನ್ನಿಗಿದ್ದ ಕಚೇರಿಗಳ ಮೇಲೆ. ದೇವಸ್ಥಾನಕ್ಕೆ ಬೀಗ ಹಾಕದೆ ಅರ್ಚಕರನ್ನೂ ಅಡುಗೆಯವರನ್ನೂ ಊರು ಬಿಡಿಸಿದರೆ ಹೇಗಿರುತ್ತದೋ, ಬಹಳಷ್ಟು ಕ್ಯಾಂಪಸ್ಸುಗಳಲ್ಲಿ ಆಗಿರುವುದು ಅದೇ.

ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ನೋಡಿ. ಕಾನೂನು ಜಾರಿಯಾಗುತ್ತಲೇ ಅಲ್ಲಿನ ಮಲ್ಟಿಕಲ್ಚರಲ್ ಎಂಗೇಜ್‌ಮೆಂಟ್ ಸೆಂಟರ್ ಮುಚ್ಚಿತು. ಅದರ ಆಶ್ರಯದಲ್ಲಿದ್ದ ವಿದ್ಯಾರ್ಥಿ ಸಂಘಗಳು ವಿಶ್ವವಿದ್ಯಾಲಯದ ಪ್ರಾಯೋಜಕತ್ವ ಕಳೆದುಕೊಂಡವು. ನಮ್ಮ ಮಕ್ಕಳೂ ಸೇರುವ ಏಷ್ಯನ್ ದೇಸಿ ಪೆಸಿಫಿಕ್ ಐಲ್ಯಾಂಡರ್ ಅಮೆರಿಕನ್ ಕಲೆಕ್ಟಿವ್ ಅವುಗಳಲ್ಲಿ ಒಂದು. ಯಾವ ಸಂಘವನ್ನೂ ನಿಷೇಧಿಸಲಿಲ್ಲ. ಅವು ಕೂರುತ್ತಿದ್ದ ಜಾಗ, ಬಿಲ್ಲು ಪಾಸು ಮಾಡಿಸುತ್ತಿದ್ದ ಸಿಬ್ಬಂದಿ, ವರ್ಷಕ್ಕೊಮ್ಮೆ ಬರುತ್ತಿದ್ದ ಬಜೆಟ್ಟು ಹೋದವು. ಕಪ್ಪು, ಲ್ಯಾಟಿನೊ, ಏಷ್ಯನ್ ವಿದ್ಯಾರ್ಥಿಗಳ ಪದವಿ ಸಂಭ್ರಮಗಳಿಗೆ ವಿಶ್ವವಿದ್ಯಾಲಯದ ಹಣ ನಿಂತಾಗ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ದೇಣಿಗೆ ಎತ್ತಿ ನಡೆಸಬೇಕಾಯಿತು. ದಾಖಲೆಯಿಲ್ಲದ ವಲಸಿಗ ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದ ಮೊನಾರ್ಕ್ ಎಂಬ ಕಾರ್ಯಕ್ರಮವೂ ಆಗಲೇ ನಿಂತಿತು. ಕಾನೂನಿನಲ್ಲಿ ಇರುವುದು ಜನಾಂಗ, ಲಿಂಗ, ಬಣ್ಣ, ಜನಾಂಗೀಯ ಮೂಲ, ಲಿಂಗ ಗುರುತು, ಲೈಂಗಿಕ ಒಲವುಗಳ ಮಾತು; ವಲಸೆಯ ದಾಖಲೆಪತ್ರದ ಮಾತಿಲ್ಲ. ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಕೈ ತೊಳೆದುಕೊಳ್ಳುವ ಅಧಿಕಾರಿಗಳು ಎಲ್ಲ ದೇಶದಲ್ಲೂ ಇದ್ದಾರೆ.

ಅವರ ಭಯಕ್ಕೆ ಆಧಾರವಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಉಲ್ಲಂಘಿಸಿದ ನೌಕರರನ್ನು ಕೆಲಸದಿಂದ ತೆಗೆಯುವವರೆಗಿನ ಶಿಸ್ತುಕ್ರಮಕ್ಕೆ ನಿಯಮ ರೂಪಿಸಿ ಎಂದು ಕಾನೂನೇ ಹೇಳುತ್ತದೆ. ಪಾಲಿಸುತ್ತಿದ್ದೇವೆ ಎಂದು ಆಡಳಿತ ಮಂಡಳಿ ವರದಿ ಕೊಟ್ಟ ಮೇಲೆಯೇ ರಾಜ್ಯದ ಹಣವನ್ನು ಖರ್ಚು ಮಾಡಬಹುದು. ಜೊತೆಗೆ ರಾಜ್ಯದ ಲೆಕ್ಕಪರಿಶೋಧಕರ ತಪಾಸಣೆ. ಈ ಮಸೂದೆಯನ್ನು ಮಂಡಿಸಿದ್ದ ಸೆನೆಟರ್ ಬ್ರ್ಯಾಂಡನ್ ಕ್ರೈಟನ್ 2024ರ ಮಾರ್ಚ್‌ನಲ್ಲಿ, ಬರೀ ಬೋರ್ಡು ಬದಲಿಸಿದರೆ ಸಾಲದು ಎಂದು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದರು. ಕೆಲವೇ ದಿನಗಳಲ್ಲಿ, ಏಪ್ರಿಲ್ ಮೊದಲ ವಾರದಲ್ಲಿ, ಆಸ್ಟಿನ್‌ನವರು ಆಗಲೇ ಹೆಸರು ಬದಲಿಸಿಕೊಂಡಿದ್ದ ತಮ್ಮ ಡಿಇಐ ವಿಭಾಗವನ್ನೂ ಮುಚ್ಚಿದರು. ಸುಮಾರು 60 ಜನರ ಕೆಲಸ ಹೋಯಿತು. ನಿಮ್ಮ ಅರ್ಜಿಗೆ ಒಂದು ಸಾಲಿನ ಉತ್ತರ ಬರೆದವರು ಇದನ್ನೆಲ್ಲ ಕಂಡವರು. ಹಾಗೆಂದು ಆ ಒಂದು ಸಾಲನ್ನು ನೀವು ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ಅಸಲು ಪ್ರಶ್ನೆ. ನೀವು ಯಾವ ಹಣವನ್ನು ಕೇಳಿದಿರಿ? ನೀವು ಅದನ್ನು ಬರೆದೇ ಇಲ್ಲ, ಯಾರೂ ಬರೆಯುವುದಿಲ್ಲ. ‘ಯೂನಿವರ್ಸಿಟಿ ದುಡ್ಡು’ ಎಂಬ ಒಂದೇ ಗಂಟು ಎಲ್ಲಿಯೂ ಇಲ್ಲ. ಪ್ರತಿ ವಿದ್ಯಾರ್ಥಿಯಿಂದ ಸೆಮಿಸ್ಟರಿಗೆ ವಸೂಲು ಮಾಡುವ ಶುಲ್ಕದಿಂದ ಸಂಘಗಳಿಗೆ ಹಂಚುವ ಹಣ ಬೇರೆ; ಒಂದು ಇಲಾಖೆಯೋ ಕಚೇರಿಯೋ ತನ್ನ ಬಜೆಟ್ಟಿನಿಂದ ಸಹಪ್ರಾಯೋಜಕನಾಗಿ ಕೊಡುವ ಹಣ ಬೇರೆ; ನೀವೇ ಎತ್ತಿದ ಚಂದಾ ಬೇರೆ.

ಎರಡನೆಯದನ್ನು, ಅಂದರೆ ಕಚೇರಿಯ ಸಹಪ್ರಾಯೋಜಕತ್ವವನ್ನು, ಕೇಳಿದ್ದರೆ ಸುಮ್ಮನೆ ಬಿಟ್ಟುಬಿಡಿ. ಅಲ್ಲಿ ಖರ್ಚು ಮಾಡುತ್ತಿರುವುದು ಸಂಸ್ಥೆ. ವಿದ್ಯಾರ್ಥಿ ಸಂಘದ ವಿನಾಯಿತಿ ಅದಕ್ಕೆ ಸಿಗುತ್ತದೆ ಎಂದು ಯಾರೂ ಸಹಿ ಹಾಕುವುದಿಲ್ಲ. ಅದಕ್ಕಾಗಿ ಗುದ್ದಾಡಿದರೆ ನಿಮ್ಮ ಪರವಾಗಿರುವ ಒಬ್ಬ ಗುಮಾಸ್ತೆಯ ನೆಮ್ಮದಿ ಹಾಳಾಗುತ್ತದೆ, ಅಷ್ಟೇ.

ಶುಲ್ಕದ ಹಣವನ್ನು ಕೇಳಿದ್ದರೆ ಕಥೆ ಬೇರೆ. 1995ರ ರೋಸೆನ್‌ಬರ್ಗರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೇರೆ ವಿದ್ಯಾರ್ಥಿ ಪತ್ರಿಕೆಗಳ ಮುದ್ರಣಕ್ಕೆ ಹಣ ಕೊಡುವ ವರ್ಜೀನಿಯಾ ವಿಶ್ವವಿದ್ಯಾಲಯ ಧಾರ್ಮಿಕ ದೃಷ್ಟಿಯ ಪತ್ರಿಕೆಗೆ ಮಾತ್ರ ಇಲ್ಲ ಎನ್ನುವಂತಿಲ್ಲ ಎಂದಿತು. 2000ದ ಸೌತ್‌ವರ್ತ್ ಪ್ರಕರಣದಲ್ಲಿ, ಕಡ್ಡಾಯ ಶುಲ್ಕ ವಸೂಲು ಮಾಡಬಹುದು, ಆದರೆ ಸಂಘಗಳಿಗೆ ಹಂಚುವಾಗ ಅವುಗಳ ಅಭಿಪ್ರಾಯ ನೋಡಿ ಭೇದ ಮಾಡಬಾರದು ಎಂದಿತು. ಬಹುಮತದ ವೋಟು ಹಾಕಿಸಿ ಒಂದು ಸಂಘದ ಹಣ ನಿಲ್ಲಿಸುವ ಪದ್ಧತಿಯ ಬಗ್ಗೆಯೂ ಆ ತೀರ್ಪು ಅನುಮಾನ ತೋರಿಸಿದೆ. ವಿದ್ಯಾರ್ಥಿ ಸೆನೆಟ್‌ನಲ್ಲಿ ಕುಳಿತು ಕೈ ಎತ್ತುವ ನಿಮ್ಮ ಗೆಳೆಯರು ಇದನ್ನು ಗಮನಿಸಲಿ. ವಿಶ್ವವಿದ್ಯಾಲಯ ಯಾವ ಸಂಘಕ್ಕೂ ಕೊಡುವುದಿಲ್ಲ ಎನ್ನಬಹುದು. ಚೆಸ್ ಸಂಘಕ್ಕೆ, ಬೈಬಲ್ ಓದುವ ಸಂಘಕ್ಕೆ, ಬೇಟೆಗಾರರ ಸಂಘಕ್ಕೆ ಕೊಟ್ಟು ನಿಮಗೆ ‘ಎಸ್‌ಬಿ 17’ ಎಂದರೆ, ಯಾವ ಉಪವಿಧಿ, ಯಾವ ಹಣದ ಮೂಲ, ನಿರ್ಧರಿಸಿದವರು ಯಾರು ಎಂದು ಇಮೇಲಿನಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ, ಬಾಯಿಮಾತಿಗೆ ದಾಖಲೆಯಿಲ್ಲ. ಹೀಗೆ ಲಿಖಿತ ಕಾರಣ ಕೇಳಿದ ಕೂಡಲೇ ಎಷ್ಟೋ ‘ಇಲ್ಲ’ಗಳು ‘ಮರುಪರಿಶೀಲಿಸುತ್ತೇವೆ’ ಆಗುವುದನ್ನು ನಾನು ಕಂಡಿದ್ದೇನೆ.

ಹೊಸ ಅರ್ಜಿಯಲ್ಲಿ ಸಭಾಂಗಣ, ಊಟ, ಸಂಭಾವನೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಊಟದ ಖರ್ಚಿಗೆ ಮಿತಿ ಹಾಕುವ ನಿಯಮ ಬಹಳ ಕಡೆ ಈ ಕಾನೂನಿಗಿಂತ ಹಳೆಯದು. ಬಿಸಿಬೇಳೆಬಾತಿಗೆ ದುಡ್ಡು ಸಿಗದಿದ್ದರೆ ಅದನ್ನೂ ಗವರ್ನರ್ ತಲೆಗೆ ಕಟ್ಟಬೇಡಿ. ಡೊಳ್ಳಿನ ತಂಡದವರು ಊರಿನಿಂದ ಪ್ರವಾಸಿ ವೀಸಾದಲ್ಲಿ ಬಂದವರಾದರೆ ಸಂಭಾವನೆಗೆ ಅಡ್ಡ ಬರುವುದು ವೀಸಾ ನಿಯಮ, ಎಸ್‌ಬಿ 17 ಅಲ್ಲ.

ಇನ್ನು ಸಂಘದ ನಿಯಮಾವಳಿ ತೆಗೆದು ನೋಡಿ. ‘ಸದಸ್ಯತ್ವ ಕನ್ನಡಿಗರಿಗೆ ಮಾತ್ರ’ ಎಂಬ ಸಾಲು ಇದ್ದರೆ ಇವತ್ತೇ ಅಳಿಸಿ. ಹಿಂದಿನ ಬ್ಯಾಚಿನವರು ಅಭಿಮಾನದಿಂದ ಬರೆದಿಟ್ಟ ಸಾಲೇ ಇರಬಹುದು, ಆದರೆ ಅದು ಎಸ್‌ಬಿ 17 ಬರುವ ಮೊದಲೂ ತೊಂದರೆಯದೇ ಆಗಿತ್ತು. ವಿಶ್ವವಿದ್ಯಾಲಯದ ಯಾವುದೇ ವಿದ್ಯಾರ್ಥಿ ಸೇರಬಹುದು, ಪದಾಧಿಕಾರಿಯೂ ಆಗಬಹುದು ಎಂದು ಬರೆಯಿರಿ. ಹಾಡು ಕಲಿಯಲು ಬಂದ ತೆಲುಗು ಹುಡುಗಿಯೋ ಮೆಕ್ಸಿಕೋ ಮೂಲದ ಹುಡುಗನೋ ನಿಮ್ಮ ಕಾರ್ಯದರ್ಶಿಯಾದರೆ ಕನ್ನಡ ಸೊರಗುವುದಿಲ್ಲ.

ಸಂಘಕ್ಕೆ ಸಲಹೆಗಾರರಾಗಿ ಸಹಿ ಹಾಕುವ ಅಧ್ಯಾಪಕರ ವಿಷಯದಲ್ಲಿ ನನ್ನದು ಸ್ವಲ್ಪ ಅತಿ ಎನ್ನಿಸುವ ಎಚ್ಚರಿಕೆ. ಕೆಲಸ ಕಾಯಂ ಆಗದ ಸಹಾಯಕ ಪ್ರಾಧ್ಯಾಪಕರನ್ನು, ಅದರಲ್ಲೂ ಎಚ್-1ಬಿ ಮೇಲೆ ಇರುವ ನಮ್ಮವರನ್ನು, ‘ಕನ್ನಡದವರಲ್ಲವೇ ಸರ್’ ಎಂದು ಮುಲಾಜಿಗೆ ಕೆಡವಿ ಸಹಿ ಹಾಕಿಸಿಕೊಳ್ಳಬೇಡಿ. ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಸಿಕ್ಕಿರುವ ಒಬ್ಬರನ್ನು ಹುಡುಕಿ. ಅವರು ಗಣಿತದವರಾದರೂ ಆಗಬಹುದು, ಕನ್ನಡ ಬಾರದಿದ್ದರೂ ನಡೆಯುತ್ತದೆ.

ಪ್ರಶ್ನೆ: ಸಂಘದ ಹೆಸರಿನಲ್ಲಿರುವ ‘ಸಾಂಸ್ಕೃತಿಕ’ ಎಂಬ ಪದವನ್ನು ತೆಗೆದುಹಾಕಿದರೆ ಸುರಕ್ಷಿತವೇ?

ಉತ್ತರ: ವಿಭಾಗಗಳೇ ಹೆಸರು ಬದಲಿಸಿಕೊಂಡು ಉಳಿಯಲಿಲ್ಲ, ನಿಮಗೆ ಬದಲಿಸುವ ಅಗತ್ಯವೂ ಇಲ್ಲ.

ಪ್ರಶ್ನೆ: ಒಬ್ಬ ಕನ್ಸಲ್ಟೆಂಟ್ 400 ಡಾಲರ್ ಕೊಟ್ಟರೆ ನಮ್ಮ ಸಂಘಕ್ಕೆ ‘ಎಸ್‌ಬಿ 17 ಅನುಸರಣೆ ಪ್ರಮಾಣಪತ್ರ’ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಪಾಲನೆಯ ವರದಿ ಕೊಡಬೇಕಾದದ್ದು ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ವಿದ್ಯಾರ್ಥಿ ಸಂಘ ಯಾರ ಮುಂದೆಯೂ ಇಂಥ ಪ್ರಮಾಣಪತ್ರ ಹಿಡಿಯಬೇಕಾಗಿಲ್ಲ, ಅದನ್ನು ಕೊಡುವ ಅಧಿಕಾರ ಈ ಮಹಾಶಯರಿಗೆ ಬಂದದ್ದಾದರೂ ಎಲ್ಲಿಂದ? ನಿನ್ನೆಯವರೆಗೆ ವೀಸಾ ಫಾರಂ ತುಂಬಿಸುತ್ತಿದ್ದವರು, ಮನೆ ಮಾರಿಸುತ್ತಿದ್ದವರು ಇವತ್ತು ಕ್ಯಾಂಪಸ್ ಕಾನೂನಿನ ಪಂಡಿತರಾಗಿದ್ದಾರೆ. ಮಕ್ಕಳ ಭಯವನ್ನು ಮಾರಿ ಬದುಕುವವರ ಬಗ್ಗೆ ನನಗೆ ಮರ್ಯಾದೆಯಿಂದ ಬರೆಯಲು ಬರುವುದಿಲ್ಲ. ಸಂಘಗಳನ್ನು ನೋಡಿಕೊಳ್ಳುವ ಕಚೇರಿ ಪ್ರತಿ ಕ್ಯಾಂಪಸ್ಸಿನಲ್ಲೂ ಇದೆ, ಅಲ್ಲಿ ವಿಚಾರಿಸಲು ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ನನ್ನ ತಂಗಿ ಅಲಬಾಮಾದಲ್ಲಿ, ಚಿಕ್ಕಪ್ಪನ ಮಗ ಫ್ಲೋರಿಡಾದಲ್ಲಿ ಓದುತ್ತಿದ್ದಾರೆ. ನಿಯಮ ಎಲ್ಲ ಕಡೆ ಒಂದೇ ಅಲ್ಲವೇ?

ಉತ್ತರ: ಅಲ್ಲ. ಫ್ಲೋರಿಡಾದ 2023ರ ಕಾನೂನು ವಿದ್ಯಾರ್ಥಿ ಶುಲ್ಕದ ಹಣವನ್ನೂ ಕಟ್ಟಡಗಳ ಬಳಕೆಯನ್ನೂ ಹೆಸರು ಹಿಡಿದೇ ನಿಷೇಧದಿಂದ ಹೊರಗಿಟ್ಟಿದೆ, ಸಂಸ್ಥೆಯ ಲಿಖಿತ ನಿಯಮದ ಪ್ರಕಾರ ಹಂಚಿರಬೇಕು, ಅಷ್ಟೇ. ಈ ಒಂದು ವಿಷಯದಲ್ಲಿ ಅದು ಟೆಕ್ಸಸ್‌ಗಿಂತ ಸ್ಪಷ್ಟ. ಅಲಬಾಮಾದ್ದು ಬಿಗಿ. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನ ಪ್ರಕಾರ ಸಂಘಗಳು ಡಿಇಐ ಕಾರ್ಯಕ್ರಮ ಮಾಡಬಹುದು, ಆದರೆ ರಾಜ್ಯದ ಹಣ ಬಳಸುವಂತಿಲ್ಲ. ಪ್ರಾಯೋಜಕರು ಯಾರೆಂದು ಕಾರ್ಯಕ್ರಮದಲ್ಲೂ ಜಾಹೀರಾತಿನಲ್ಲೂ ತಿಳಿಸಬೇಕು. ತಂಗಿಯ ಸಂಘದವರು ಪೋಸ್ಟರಿನ ಕೆಳಗೆ ಆ ಒಂದು ಸಾಲು ಹಾಕುವುದನ್ನು ಮರೆಯದಿರಲಿ. ಜಾರಿಗೆ ಮೊದಲೇ, ಆಗಸ್ಟ್‌ನಲ್ಲಿ, ಅಲಬಾಮಾ ವಿಶ್ವವಿದ್ಯಾಲಯದ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ವಿದ್ಯಾರ್ಥಿ ಭವನದಲ್ಲಿದ್ದ ತನ್ನ ಕೋಣೆ ಕಳೆದುಕೊಂಡಿತು. ಎಲ್‌ಜಿಬಿಟಿಕ್ಯೂ ವಿದ್ಯಾರ್ಥಿಗಳ ಸೇಫ್ ಝೋನ್ ಕೇಂದ್ರವೂ ಹೋಯಿತು. ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿದರು. ಕಾನೂನಿಗೆ ತಾತ್ಕಾಲಿಕ ತಡೆ ಕೊಡಲು ಫೆಡರಲ್ ನ್ಯಾಯಾಧೀಶರು ಆಗಸ್ಟ್‌ನಲ್ಲಿ ಒಪ್ಪಲಿಲ್ಲ.

ನಮಗೂ ಈ ಕಾನೂನು ಉಂಟೇ ಎಂದು ಟೆಕ್ಸಸ್‌ನ ರೈಸ್ ವಿಶ್ವವಿದ್ಯಾಲಯದಿಂದ ಬರೆದವರೇ, ನಿಮ್ಮದು ಖಾಸಗಿ. ಎಸ್‌ಬಿ 17 ನಿಮಗೆ ಅನ್ವಯಿಸುವುದೇ ಇಲ್ಲ.

ಪ್ರಶ್ನೆ: ನಮ್ಮ ಮಗಳು ಒಹಾಯೊದಲ್ಲಿ ಓದುತ್ತಿದ್ದಾಳೆ, ಅಲ್ಲೂ 2025ರಿಂದ ಇಂಥದೇ ಕಾನೂನು ಬಂದಿದೆಯಂತೆ. ಭಾರತೀಯ ವಿದ್ಯಾರ್ಥಿಗಳ ಸಂಘದಲ್ಲಿ ಹುದ್ದೆ ಹಿಡಿದಿದ್ದಾಳೆ. ವೀಸಾಕ್ಕೆ ತೊಂದರೆಯಾಗುವ ಮೊದಲು ರಾಜೀನಾಮೆ ಕೊಡಿಸಬೇಕೇ? (ತಂದೆ, ಮೈಸೂರು)

ಉತ್ತರ: ರಾಜ್ಯದ ಕಾನೂನಿಗೂ ವೀಸಾಕ್ಕೂ ಸಂಬಂಧವಿಲ್ಲ ಸ್ವಾಮಿ, ಅಂಕ ಇಳಿಯುತ್ತಿದ್ದರೆ ಮಾತ್ರ ರಾಜೀನಾಮೆ ಕೊಡಿಸಿ.

ಪ್ರಶ್ನೆ: ದೀಪಾವಳಿಗೆ ವಿಶ್ವವಿದ್ಯಾಲಯ ಹಣ ಕೊಡದಿದ್ದರೆ ಊರಿನ ಕನ್ನಡ ಕೂಟದವರು ಕೊಡಲು ಸಿದ್ಧರಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಆದರೆ ಚೆಕ್ಕನ್ನು ಯಾವ ಖಾತೆಗೆ ಹಾಕುತ್ತೀರಿ ಎಂಬುದನ್ನು ಮೊದಲು ಯೋಚಿಸಿ. ವಿಶ್ವವಿದ್ಯಾಲಯದ ಮೂಲಕ ನಡೆಯುವ ಖಾತೆಗೆ ಹಾಕಿದರೆ ಪ್ರತಿ ಖರ್ಚಿಗೂ ಅವರ ಸಹಿ ಬೇಕು. ಹೊರಗಿನ ಬ್ಯಾಂಕಿನಲ್ಲಿ ಸಂಘದ ಖಾತೆಯಿದ್ದರೆ ಅಷ್ಟು ರಗಳೆಯಿಲ್ಲ. ಹೊರಗಿನ ಖಾತೆಗೆ ನಿಮ್ಮ ಕ್ಯಾಂಪಸ್ಸಿನಲ್ಲಿ ಅನುಮತಿ ಇದೆಯೇ ಎಂದು ವಿಚಾರಿಸಿಯೇ ತೆರೆಯಿರಿ. ಯಾವ ಕಾರಣಕ್ಕೂ ಖಜಾಂಚಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ‘ಎರಡು ದಿನದ ಮಟ್ಟಿಗೆ’ ಎಂದು ಹಾಗೆ ಮಾಡಿದವರು ಪದವಿ ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಲೆಕ್ಕ ಹೇಳುತ್ತಲೇ ಇದ್ದಾರೆ. ಕೂಟದವರಿಗೆ ಸಂಘದ ಹೆಸರಿನಲ್ಲೇ ರಸೀದಿ ಕೊಡಿ, ಒಂದು ಪ್ರತಿ ಮುಂದಿನ ವರ್ಷದ ಖಜಾಂಚಿಗೆ ಇಡಿ.